ಸುಟ್ಟ ಬಲ್ಬಿಗೆ ಕೈಮುಗಿದ ಮಧ್ಯಾಹ್ನ

ಆ ದಿನ ಬೆಳಿಗ್ಗೆ ನಳದ ನೀರು ಹಿಡಿದೆ, ರೊಟ್ಟಿ ಬಡಿದು ಗಂಡನಿಗೆ ಬುತ್ತಿ ಕಟ್ಟಿದೆ, ಅತ್ತೆಯ ತಲೆಗೆ ಎಣ್ಣೆ ಹಚ್ಚಿದೆ, ಮೆಣಸಿನಕಾಯಿ ಒಣಹಾಕಿ ಮಗ್ಗಕ್ಕೆ ಕೂತೆ. ದೆವ್ವ, ಶಕುನ ಎಲ್ಲ ಕೆಲಸವಿಲ್ಲದವರ ಮಾತು ಎಂದುಕೊಂಡವಳು ನಾನು. ಈಗಲೂ ಹೆಚ್ಚುಕಡಿಮೆ ಹಾಗೆಯೇ. ಆ ಒಂದು ಮಧ್ಯಾಹ್ನದ ಲೆಕ್ಕ ಮಾತ್ರ ಇನ್ನೂ ಕೂಡಿಲ್ಲ.

ನಮ್ಮ ಇಳಕಲ್ಲಿನಲ್ಲಿ ಆಗ ಕರೆಂಟು ದಿನವಿಡೀ ಬಂದುಹೋಗುತ್ತಿತ್ತು. ಅದಕ್ಕೇ ಹುನಗುಂದದ ಕಡೆಯಿಂದ ಹೊಸ ಲೈನು ಎಳೆದು, ಊರಿನ ಹಳೆ ತಂತಿ ಬದಲಿಸುತ್ತಿದ್ದರು. ನನ್ನ ಗಂಡ ಆ ಕೆಲಸದಲ್ಲಿದ್ದ ಲೈನ್‌ಮನ್. ಅಂದು ಬೆಳಗಿನಿಂದ ಊರಿಗೆಲ್ಲ ಕರೆಂಟು ಬಂದ್.

ಮಗ್ಗದ ಮೇಲಿನ ಬಲ್ಬು ಹಿಂದಿನ ದಿನವೇ ಸುಟ್ಟಿತ್ತು. ಬಿಚ್ಚಿ ಅಲುಗಿಸಿದರೆ ಒಳಗಿನ ಹರಿದ ಎಳೆ ಕಿಣಿಕಿಣಿ ಎಂದಿತ್ತು. ಹೊಸದು ತರುವತನಕ ಇರಲಿ ಎಂದು ಅದನ್ನೇ ಮತ್ತೆ ಸಿಕ್ಕಿಸಿದ್ದೆ.

ಸೀರೆಗೆ ಸೆರಗಿನ ಎಳೆ ಜೋಡಿಸುತ್ತಿದ್ದೆ. ಎದುರಿಗಿದ್ದ ಅತ್ತೆ ಕೈಮುಗಿದರು. ದೀಪ ಹತ್ತಿದರೆ ಕೈಮುಗಿಯುವುದು ನಮ್ಮ ಮನೆಯ ರೂಢಿ.

"ಕರೆಂಟೇ ಇಲ್ಲ, ಯಾರಿಗೆ ಮುಗೀತೀರಿ ಅತ್ತಿ?" ಎಂದು ನಕ್ಕೆ.

"ಕಣ್ಣು ನಂಗ ಮಂಜಾಗ್ಯಾವೋ ನಿಂಗೋ? ಮ್ಯಾಲ ನೋಡು."

ಬಲ್ಬು ಮಂದವಾಗಿ ಉರಿಯುತ್ತಿತ್ತು.

ಗಂಡನಿಗೆ ಫೋನ್ ಮಾಡಿದೆ. "ಲೈನ್ ಬಂದ್ ಐತಿ, ಹೆಂಗ ಹತ್ತತೈತಿ? ಕಂಬ ಏರಾಕ ಹೊಂಟೇನಿ, ಇಡು" ಎಂದರು.

"ಏರಬ್ಯಾಡ್ರಿ. ನನ್ನ ಆಣಿ ಐತಿ, ಇನ್ನೊಮ್ಮಿ ನೋಡಿಕೊಂಡು ಏರ್ರಿ."

"ಮಗ್ಗದಾಗ ಕುಂತು ನನಗ ಲೈನಿನ ಕೆಲಸ ಕಲಸ್ತಿ" ಎಂದು ಗೊಣಗುತ್ತಲೇ ಕರೆಂಟಿದ್ದರೆ ಕೂಗುವ ಪರೀಕ್ಷೆಯ ಕೋಲನ್ನು ತಂತಿಗೆ ಹಿಡಿದರಂತೆ. ಅದು ಕೂಗಿತಂತೆ. ಯಾರೋ ಜನರೇಟರ್ ಹಚ್ಚಿದ್ದರು. ಅದರ ಕರೆಂಟು ತಿರುಗಿ ಲೈನಿಗೆ ಹರಿದಿತ್ತು. ಹುಡುಕಿ ಅದನ್ನು ಬಂದ್ ಮಾಡಿಸಿದರು. ಇಲ್ಲಿ ನಮ್ಮ ಬಲ್ಬೂ ಆರಿತು.

ಸಂಜೆ ಹೊಸ ಲೈನಿನ ಕರೆಂಟು ಬಂತು. ಗಂಡ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲು ಬಲ್ಬು ಬಿಚ್ಚಿದರು. ಅಲುಗಿಸಿದರು. ಅದೇ ಕಿಣಿಕಿಣಿ. ಅಡುಗೆಮನೆಯ ಹೋಲ್ಡರಿಗೂ ಹಾಕಿ ನೋಡಿದರು; ಹತ್ತಲಿಲ್ಲ.

ಕರೆಂಟು ಎಲ್ಲಿಂದ ಬಂತೆಂಬುದು ತಿಳಿಯಿತು. ಬಲ್ಬು ಹೇಗೆ ಹತ್ತಿತು? ಹರಿದ ಎಳೆ ತಾನಾಗಿ ಕೂಡಿರಬೇಕು ಅನ್ನುತ್ತಾರೆ ಕೆಲವರು. ಇರಬಹುದು. ಸೆರಗಿನ ಎಳೆ ನಾನು ಕೂತು ಜೋಡಿಸದೆ ಕೂಡಿದ್ದನ್ನು ನಾನಂತೂ ಕಂಡಿಲ್ಲ.

ಅವರು ತಂದಿದ್ದ ಹೊಸ ಬಲ್ಬು ಹತ್ತಿತು. ಅತ್ತೆ ಕೈಮುಗಿದರು. ಎಂದೂ ಕೈಮುಗಿಯದ ನನ್ನ ಗಂಡನೂ ಕೈಮುಗಿದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡೆವು. ಅವರು ಒಂದು ರೊಟ್ಟಿ ಹೆಚ್ಚೇ ಉಂಡರು. ಮೊದಲು ನಿದ್ದೆ ಹೋದವರೂ ಅವರೇ. ಅವರ ಗೊರಕೆಗೆ ನಾನು ಅಂದು ಬೈಯಲಿಲ್ಲ.