ಮೆಣಸಿನಕಾಳಿನ ಮಚ್ಚೆ

ಚೆನ್ನಾಜಮ್ಮ ಮಿಸ್ ಮಕ್ಕಳಿಗೆ ಹೊಡೆದವರಲ್ಲ. ಹೊಡೆದಿದ್ದರೆ ಭಯ ಅಲ್ಲಿಗೇ ಮುಗಿದುಹೋಗುತ್ತಿತ್ತು. ಅವರು ಒಂದೇ ಒಂದು ಮಾತು ಕೇಳುತ್ತಿದ್ದರು: "ಮುಂದೆ?" ಮಗ್ಗಿ ಹೇಳುತ್ತಿದ್ದ ಮಗು ನಡುವೆ ಎಲ್ಲೋ ತಡವರಿಸಿದರೆ ಸಾಕು, "ಮುಂದೆ?" ದನಿ ಏರಿಸುತ್ತಿರಲಿಲ್ಲ. ಕನ್ನಡಕದ ಮೇಲಿಂದ ನೋಡುತ್ತ, ಗದ್ದದ ಮೇಲಿನ ಕರೀ ಮಚ್ಚೆಯನ್ನು ಬೆರಳಿಂದ ಮೆಲ್ಲಗೆ ಉಜ್ಜುತ್ತ ಕಾಯುತ್ತಿದ್ದರು. ಉತ್ತರ ಪೂರ್ತಿ ಬರುವವರೆಗೆ ಅವರಿಗೆ ಲೋಕದಲ್ಲಿ ಬೇರೆ ಕೆಲಸವೇ ಇಲ್ಲವೇನೋ ಎಂಬ ಹಾಗೆ. ಅರ್ಧ ಉತ್ತರವನ್ನು ಅವರು ಒಪ್ಪುತ್ತಿರಲಿಲ್ಲ.

ನನಗೂ ಅವರೆಂದರೆ ಭಯವೇ. ಅಶೋಕಪುರಂನ ಆ ಪ್ರೈಮರಿ ಸ್ಕೂಲಿಗೆ ಅವರು ಹೆಡ್ ಮಿಸ್. ನಾನು ಯಾದವಗಿರಿಯಿಂದ ಆಟೋದಲ್ಲಿ ಹೋಗಿ ರೈಮ್ಸ್ ಹೇಳಿಕೊಡುತ್ತಿದ್ದ ಮುದುಕಿ, ಮಕ್ಕಳ ಬಾಯಲ್ಲಿ 'ಇಂಗ್ಲಿಷ್ ಅಜ್ಜಿ'. ಚಿಕ್ಕಂದಿನಲ್ಲಿ ನಮ್ಮ ಕಾನ್ವೆಂಟಿನ ಕಾರಿಡಾರಿನಲ್ಲಿ ಮದರ್ ಸುಪೀರಿಯರ್ ಬರುವಾಗ ಜಪಮಾಲೆಯ ಮಣಿಗಳು ಟಿಕ್ ಟಿಕ್ ಎನ್ನುತ್ತಿದ್ದವು. ಎಪ್ಪತ್ತು ದಾಟಿದ ಮೇಲೆ ಚೆನ್ನಾಜಮ್ಮನವರ ಚಪ್ಪಲಿಯ ಸದ್ದಿಗೂ ನನ್ನ ಬೆನ್ನು ಹಾಗೇ ನೆಟ್ಟಗಾಗುತ್ತಿತ್ತು. ಸಿಲ್ಲಿ ಅನ್ನಿಸಬಹುದು, ಆದರೆ ನಿಜ.

ಗೊಂಬೆಯಾಟ ಹುಟ್ಟಿದ್ದೂ ಆ ಭಯದಿಂದಲೇ. "ಮಕ್ಕಳಿಗೆ ಸ್ವಲ್ಪ ಎಕ್ಸ್‌ಪ್ರೆಷನ್, ಸ್ವಲ್ಪ ಕಾನ್ಫಿಡೆನ್ಸ್..." ಎಂದು ಅವರ ಮುಂದೆ ಏನೋ ಶುರು ಮಾಡಿ ನಿಲ್ಲಿಸಿದ್ದೆ.

"ಮುಂದೆ?" ಎಂದರು.

"ಗೊಂಬೆಯಾಟ ಮಾಡಿಸ್ತೀನಿ ಮೇಡಂ," ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ನನಗೆ ಒಂದು ಗೊಂಬೆಗೆ ಲಂಗ ಹೊಲಿಯಲೂ ಬರುತ್ತಿರಲಿಲ್ಲ.

"ಮಾಡ್ಸಿ. ಆದ್ರೆ ಶುರು ಮಾಡಿ ಅರ್ಧಕ್ಕೆ ಬುಟ್ಬುಟ್ಟು ಹೋಗೋರ್ನ ಬೇಕಾದಷ್ಟು ನೋಡಿದೀನಿ ಕಣ್ರೀ."

ಕತೆಯನ್ನು ಮಕ್ಕಳೇ ಕಟ್ಟಿದರು. ಕೆರೆ ಏರಿಯ ಮೇಲೆ ಒಬ್ಬಳು ರಾಕ್ಷಸಿ. ದಾರಿಹೋಕರ ಮಾತು ಕೇಳುತ್ತಾಳೆ. ಯಾರು ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೋ ಅವರನ್ನು ಗುಳುಂ. ಕೊನೆಗೊಬ್ಬ ಹುಡುಗಿ ಮುಗಿಯದ ಕತೆ ಹೇಳಿ ಹೇಳಿ ರಾಕ್ಷಸಿಯನ್ನು ಮಲಗಿಸುತ್ತಾಳೆ. ರಾಕ್ಷಸಿಗೆ ಇದ್ದದ್ದು ಒಂದೇ ಡೈಲಾಗ್: "ಮುಂದೆ?" ಮಕ್ಕಳು ಅದನ್ನು ಹೇಳಿಕೊಂಡು ಕಿಸಕ್ಕನೆ ನಗುತ್ತಿದ್ದರು. ದಡ್ಡಿ ನಾನು, ಆಗ ಹೊಳೆಯಲಿಲ್ಲ.

ಮೂರನೇ ಕ್ಲಾಸಿನ ಸಿಂಚನ ರಾಕ್ಷಸಿಯ ತಲೆ ಮಾಡಿದಳು. ಅವಳ ತಾಯಿ ಮಹದೇವಿ ಅದೇ ಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಿದ್ದವಳು. ತಲೆಗೆ ಬೇಕಾದ ನೆನೆಸಿದ ಪೇಪರು, ಮೆಂತ್ಯ ಎರಡನ್ನೂ ರುಬ್ಬಿಕೊಟ್ಟವಳೂ ಅವಳೇ. ತಲೆ ಒಣಗಿ, ಬಣ್ಣ ಬಳಿದು, ಕಪ್ಪು ಉಲ್ಲನ್ನಿನ ತುರುಬು ಅಂಟಿಸಿ, ತಂತಿಯ ಕನ್ನಡಕ ಇಟ್ಟು, ಗದ್ದಕ್ಕೊಂದು ಮೆಣಸಿನಕಾಳು ಒತ್ತಿ ಸಿಂಚನ ಅದನ್ನು ನನ್ನ ಕಡೆ ತಿರುಗಿಸಿದಳು. ಮೈ ಗಾಡ್! ನಾನು ಎದ್ದು ನಿಲ್ಲುವುದೊಂದು ಬಾಕಿ.

"ಏನೇ ಇದು?"

ಅವಳ ಮುಖ ಬಿಳಿಚಿಕೊಂಡಿತು. "ನಾ ಬೇಕೂಂತ ಮಾಡ್ಲಿಲ್ಲ ಅಜ್ಜಿ. ಕೈ ಅಂಗೇ ಮಾಡ್ಬುಡ್ತು. ಹೆಡ್ ಮಿಸ್ ನೋಡುದ್ರೆ ಅಮ್ಮನ್ನ ಕೆಲಸದಿಂದ ತೆಗೆದ್ಬುಡ್ತಾರಾ?"

ಇಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ. ಹೊಸ ತಲೆ ಮಾಡಿ ಒಣಗಿಸುವಷ್ಟು ಸಮಯವೂ ಇರಲಿಲ್ಲ. ಹೇರ್‌ಪಿನ್ನಿನಿಂದ ಆ ಮೆಣಸಿನಕಾಳನ್ನು ಕಿತ್ತೆ. ಹೋಲಿಕೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಆಟದ ದಿನ ಎರಡು ಬೆಂಚುಗಳ ಮೇಲೆ ಬಿದಿರು ಕಟ್ಟಿ ನನ್ನ ಹಳೇ ಸೀರೆಯನ್ನು ಪರದೆ ಮಾಡಿದೆವು. ಎದುರಿಗೇ ಕುರ್ಚಿಯಲ್ಲಿ ಚೆನ್ನಾಜಮ್ಮ, ಅವರ ಕಾಲಬುಡದಲ್ಲಿ ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು. ಬಾಗಿಲಲ್ಲಿ ಸೌಟು ಹಿಡಿದ ಮಹದೇವಿ. ಮಗಳು ಅವಳಿಗೂ ಹೇಳಿರಬೇಕು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ರಾಕ್ಷಸಿ ಮೇಲೆದ್ದಳು.

ಒಂದನೇ ಕ್ಲಾಸಿಗೆ ಕ್ಲಾಸೇ ಎದ್ದು ನಿಂತು ಕೈಕಟ್ಟಿ ರಾಗವಾಗಿ ಹೇಳಿತು: "ನಮಸ್ತೇ... ಮಿಸ್!"

ಪರದೆಯ ಹಿಂದಿನಿಂದ ನಾನು ಕುರ್ಚಿಯ ಕಡೆ ಇಣುಕಿದೆ. ಹುಡುಗಿಯ ಗೊಂಬೆ ಹಿಡಿದಿದ್ದ ಮಗು ತನ್ನ ಮಾತು ಹೇಳಿಯಾಗಿತ್ತು, ಈಗ ರಾಕ್ಷಸಿಯ ಸರದಿ. ಸಿಂಚನಳ ತುಟಿ ಅಲುಗುತ್ತಿತ್ತು, ದನಿ ಹೊರಡಲಿಲ್ಲ. ಆ ಒಂದು ಮಾತನ್ನು, ಆ ಮುಖದಿಂದ, ಅವರ ಎದುರಿಗೇ ಹೇಗೆ ಹೇಳುವುದು? ಮೇಲೆ ಎತ್ತಿ ಹಿಡಿದಿದ್ದ ಅವಳ ತೋಳು ನಡುಗಿ ರಾಕ್ಷಸಿಯೂ ಗಡಗಡ ನಡುಗುತ್ತಿದ್ದಳು.

ಆಗ ಕುರ್ಚಿಯಿಂದ ಬಂತು, ಎಂದಿನ ಅದೇ ದನಿ:

"ಮುಂದೆ?"

ಬೈಗುಳವೋ, ಅಪ್ಪಣೆಯೋ, ಗೊತ್ತಾಗಲಿಲ್ಲ. ಆದರೆ ಅಭ್ಯಾಸಬಲ ನೋಡಿ, ಹುಡುಗಿ ಗೊಂಬೆ ಥಟ್ಟನೆ ಕತೆ ಮುಂದುವರಿಸಿತು. ಮತ್ತೆ ನಿಂತಿತು. ಮತ್ತೆ ಕುರ್ಚಿಯಿಂದ "ಮುಂದೆ?" ಈ ಸಲ ಸಿಂಚನ ಆ ದನಿಗೆ ಸರಿಯಾಗಿ ರಾಕ್ಷಸಿಯ ತಲೆ ಆಡಿಸಿದಳು. ಮೂರನೆಯ ಸಲ ಅವಳೇ ಹೇಳಿದಳು. ಹೇಳಿದ್ದು ಪಿಸುದನಿಯಲ್ಲಿ, ಆದರೂ ಕೋಣೆಯ ಕೊನೆಯವರೆಗೆ ಕೇಳಿಸಿತು.

ಆಟ ಮುಗಿದ ಮೇಲೆ ಚಪ್ಪಲಿಯ ಸದ್ದು ಪರದೆಯ ಹಿಂದಕ್ಕೆ ಬಂತು. ಚೆನ್ನಾಜಮ್ಮ ಗೊಂಬೆ ಇಸಿದುಕೊಂಡು, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು. ಸಿಂಚನ ನನ್ನ ಸೆರಗಿನ ಹಿಂದೆ ಇದ್ದಳು.

"ಯಾರು ಮಾಡಿದ್ದು?"

"ನಾ... ನಾನು ಮಿಸ್."

"ಎಲ್ಲಾ ಮಾಡ್ಬುಟ್ಟು ಮಚ್ಚೆ ಎಲ್ಲೋಯ್ತಮ್ಮ?"

ಅವರು ಬಾಗಿಲ ಕಡೆ ತಿರುಗಿದರು. "ಮಹದೇವಿ." ಸೌಟು ಕೈಯಿಂದ ಜಾರಿ ಠಣ್ ಎಂದಿತು. "ಒಂದು ಮೆಣಸಿನಕಾಳು ತಗೊಂಬಾಮ್ಮ. ದೊಡ್ಡದು ನೋಡ್ಕೊಂಡು ತಾ."

ಚೆನ್ನಾಜಮ್ಮ ರಿಟೈರ್ ಆದ ದಿನ ಹೊದಿಸಿದ ಶಾಲನ್ನು ಆಫೀಸಿನಲ್ಲೇ ಮರೆತು ರಾಕ್ಷಸಿಯನ್ನು ಮಾತ್ರ ಕಂಕುಳಲ್ಲಿ ಹಿಡಿದು ಹೋದರು. ಮನೆಯಲ್ಲಿ ಟೀವಿ ಪಕ್ಕ ಇಟ್ಟಿದ್ದರು. ಮಳೆಗಾಲದಲ್ಲಿ ಅದು ಮೆಂತ್ಯದ ವಾಸನೆ ಹೊಡೆಯುತ್ತಿತ್ತು. "ಎಲ್ಲಾರೂ ಹೆದರ್ಕತಾರೆ ಅಂತ ಗೊತ್ತಿತ್ತು ಕಣ್ರೀ. ಇಷ್ಟು ದಪ್ಪ ಮೂಗು ಅಂತ ಗೊತ್ತಿರ್ಲಿಲ್ಲ," ಎನ್ನುತ್ತಿದ್ದರು.

ಅವರನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ, ಹಾರ್ಟ್ ಆಪರೇಷನ್ನಿಗೆ ಮುಂಚೆ. ಕನ್ನಡಕ ತೆಗೆಸಿ, ತುರುಬು ಬಿಚ್ಚಿಸಿದ್ದರು. ಅಷ್ಟು ಪುಟ್ಟ ಮುಖವೆಂದು ನನಗೆ ತಿಳಿದಿರಲಿಲ್ಲ. ಮಚ್ಚೆಯ ಮೇಲೆ ಬೆರಳು ಆಡುತ್ತಲೇ ಇತ್ತು. ನಾನು ಸ್ಕೂಲಿನ ಸುದ್ದಿ ಹೇಳುತ್ತಿದ್ದೆ. ಈ ವರ್ಷ ಮಕ್ಕಳು ಹೊಸ ಆಟ ಕಟ್ಟುತ್ತಿದ್ದಾರೆ, ಮಲಗಿದ ರಾಕ್ಷಸಿ ಮತ್ತೆ ಎದ್ದುಬರುತ್ತಾಳಂತೆ, ಎದ್ದು... ಅಷ್ಟರಲ್ಲಿ ಸ್ಟ್ರೆಚರ್ ಬಂತು. ನನ್ನ ಮಾತು ನಿಂತಿತು.

"ಮುಂದೆ?" ಎಂದರು. ದನಿ ಕೊನೆಯಲ್ಲಿ ಸಣ್ಣಗೆ ಮೇಲೇರಿತು, ಮಕ್ಕಳು ಕತೆ ಕೇಳುವ ಹಾಗೆ. ನನ್ನ ಕೈ ಹಿಡಿದಿದ್ದ ಬೆರಳುಗಳು ಮಂಜಿನಷ್ಟು ತಣ್ಣಗಿದ್ದವು.

"ಮುಂದಿಂದು... ನೀವು ಹೊರಗೆ ಬಂದ್ಮೇಲೆ ಹೇಳ್ತೀನಿ ಮೇಡಂ."

ಅರ್ಧ ಉತ್ತರವನ್ನು ಅವರು ಒಪ್ಪಿಕೊಂಡದ್ದು ಅದೊಂದೇ ಸಲ. ಹೂಂ ಎಂದು ತಲೆಯಾಡಿಸಿ ಕೈ ಬಿಟ್ಟರು. ಬಾಗಿಲು ಮುಚ್ಚಿದ ಮೇಲೂ ನಾನು ಅಲ್ಲೇ ನಿಂತಿದ್ದೆ. ಅಲ್ಲಿದ್ದ ನರ್ಸ್ "ಕೂತ್ಕೊಳಿ ಅಜ್ಜಿ" ಅಂದಾಗಲೇ ಗೊತ್ತಾದದ್ದು, ನಾನು ಕೈಕಟ್ಟಿ ನಿಂತಿದ್ದೆನೆಂದು.