ಗೆಳೆಯನ ದನಿ ತೆಗೆದ ಆಲ್ಬಮ್

ನಮ್ಮ ರಾಕ್ ಬ್ಯಾಂಡಿನಲ್ಲಿ ಇದ್ದದ್ದು ಮೂವರೇ. ಗಿಟಾರ್ ನನ್ನದು. ಹಾಡುತ್ತ ಬೇಸ್ ಗಿಟಾರ್ ನುಡಿಸುತ್ತಿದ್ದವನು ನನ್ನ ಬಾಲ್ಯದ ಗೆಳೆಯ. ಅವನ ಮನೆಮಾತು ದಖನಿ ಉರ್ದು, ಶಿವಾಜಿನಗರದಲ್ಲಿ ಸ್ಕೂಟರ್ ಬಿಡಿಭಾಗಗಳ ಅಂಗಡಿ. ಇಬ್ಬರೂ ಒಂದೇ ಕನ್ನಡ ಶಾಲೆಯಲ್ಲಿ ಓದಿದ್ದೆವು. ಡ್ರಮ್ಸ್ ನುಡಿಸುತ್ತಿದ್ದವಳು ಕಲಬುರಗಿ ಕಡೆಯವಳು, ಕೆ.ಆರ್. ಪುರದಲ್ಲಿ ಅಕ್ಕನ ಸಂಸಾರದ ಜೊತೆ ಬಾಡಿಗೆ ಕೋಣೆಯಲ್ಲಿದ್ದಳು.

ಕಮ್ಮನಹಳ್ಳಿಯಲ್ಲಿ ಬೇಕರಿಯೊಂದರ ಮೇಲಿದ್ದ ಸ್ಟುಡಿಯೋದಲ್ಲಿ, ಸುಮಾರು ಒಂದು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಎಂಟು ಹಾಡುಗಳ ಆಲ್ಬಮ್ ಮಾಡಿದೆವು. ಏಳು ಹಾಡು ನಾನು ಬರೆದದ್ದು. ಎಂಟನೆಯದು ಗೆಳೆಯನದು. ಅವನ ತಂದೆ ಪಾರ್ಶ್ವವಾಯು ಬಡಿದು, ಸಾಯುವ ಮೊದಲು ಮೂರು ವಾರ ಮಾತೇ ಇಲ್ಲದೆ ಮಲಗಿದ್ದರು. ಆ ದಿನಗಳ ಹಾಡು ಅದು. ಅದನ್ನು ಅವನು ಒಂದೇ ಉಸಿರಿಗೆ ಹಾಡಿ ಮುಗಿಸಿ, ಹೆಡ್‌ಫೋನ್ ಕೆಳಗಿಟ್ಟು, "ಇನ್ನೊಂದ್ಸಲ ನನ್ ಕೈಲಾಗಲ್ಲ ಮಗಾ" ಅಂದ. ಯಾರೂ ಇನ್ನೊಂದು ಸಲ ಕೇಳಲಿಲ್ಲ.

ಆಲ್ಬಮ್ ಆನ್‌ಲೈನಿನಲ್ಲಿ ಬಂತು. ಮೊದಲು ಯಾರೂ ಏನೂ ಅನ್ನಲಿಲ್ಲ. ಆಮೇಲೆ, ಹೊಸ ಹಾಡುಗಳ ಬಗ್ಗೆ ವಿಡಿಯೋ ಮಾಡುವವನೊಬ್ಬ ಆ ಎಂಟನೇ ಹಾಡನ್ನೇ ಎತ್ತಿಕೊಂಡ. ಗೆಳೆಯನ ಬಾಯಲ್ಲಿ 'ಒಳಗೆ' ಎಂಬುದು 'ಒಲಗೆ' ಎಂದು ಕೇಳಿಸುತ್ತಿತ್ತು. ಅಷ್ಟನ್ನೇ ಕತ್ತರಿಸಿ ನಾಲ್ಕು ಸಲ ಹಾಕಿ, "ಇವರಿಗೆ ಮೊದಲು ಕನ್ನಡ ಕಲಿಸಿ" ಎಂದು ನಕ್ಕ. ಆಲ್ಬಮ್ ಮುಟ್ಟದ ಕಡೆಗೆಲ್ಲ ಆ ನಗು ಮುಟ್ಟಿತು.

ಆ ವಾರವೇ ಇಂದಿರಾನಗರದಲ್ಲಿ ಕನ್ನಡ ಬ್ಯಾಂಡುಗಳ ಕಾರ್ಯಕ್ರಮ ನಡೆಸುವವನೊಬ್ಬ ನನಗೆ ಫೋನ್ ಮಾಡಿದ. "ಟ್ಯೂನ್ ಸೂಪರ್ ಗುರು. ವಾಯ್ಸ್ ಮಾತ್ರ ಚೇಂಜ್ ಮಾಡ್ಬಿಡಿ, ನಮ್ ಶೋಗೆ ಹಾಕ್ಕೋತೀನಿ."

ಇದನ್ನು ಹಲಸೂರಿನ ಟೀ ಅಂಗಡಿಯಲ್ಲಿ ಡ್ರಮ್ಸ್‌ನವಳಿಗೆ ಹೇಳಿ, ನಾನೇ ಹಾಡಿಬಿಡಲೇ ಎಂದು ಕೇಳಿದೆ. ಅವಳು ಗ್ಲಾಸು ಕೆಳಗಿಟ್ಟಳು.

"ನನ್ನ ಕನ್ನಡಕ್ಕೂ ಇಲ್ಲಿ ನಗ್ತಾರ. ನಾಳಿಗಿ ನನ್ನೂ ತೆಗಿತಿಯೇನು? ಅಂವ ಅವರಪ್ಪನ ಸಲುವಾಗಿ ಬರ್ದಾನ. ಅದನ್ನ ನೀ ಹ್ಯಾಂಗ ಹಾಡ್ತಿ?"

ಆದರೂ ನಾನು ಒಬ್ಬನೇ ಸ್ಟುಡಿಯೋಗೆ ಹೋದೆ. ಎಂಟೂ ಹಾಡುಗಳನ್ನು ನನ್ನ ದನಿಯಲ್ಲಿ ಹಾಡಿದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆ. ಗೆಳೆಯನಿಗೆ ಒಂದು ಮಾತೂ ಹೇಳಲಿಲ್ಲ. ಬ್ಯಾಂಡ್ ಉಳಿಯಲಿ ಅಂತ ಹೀಗೆ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

"ಈಗ ಉಚ್ಚಾರ ಸರಿಯಾಗಿದೆ" ಎಂದು ಇಬ್ಬರು ಮೂವರು ಬರೆದರು. ಫೋನ್ ಮಾಡಿದ್ದವನು ಕೇಳಿ, "ಆ ಫೀಲ್ ಇಲ್ವಲ್ಲ ಗುರು" ಅಂದ. ಮತ್ತೆ ಅವನು ನನ್ನ ಕರೆ ಎತ್ತಲಿಲ್ಲ. ಡ್ರಮ್ಸ್‌ನವಳೂ ಎತ್ತಲಿಲ್ಲ.

ಹತ್ತು ದಿನ ಬಿಟ್ಟು ಶಿವಾಜಿನಗರದ ಅಂಗಡಿಗೆ ಹೋದೆ. ಮಧ್ಯಾಹ್ನ. ಅವನು ಬ್ರೇಕ್ ಕೇಬಲ್ಲುಗಳನ್ನು ಸುತ್ತಿಡುತ್ತಿದ್ದ. ಸ್ಟೂಲು ಸರಿಸಿ ಕೂರಿಸಿದ, ಚಹಾ ತರಿಸಿದ, ನಮ್ಮಮ್ಮನ ಮಂಡಿ ನೋವು ಹೇಗಿದೆ ಅಂತ ವಿಚಾರಿಸಿದ. ಬೈದಿದ್ದರೆ ನನಗೂ ಏನಾದರೂ ಹೇಳಲು ಬರುತ್ತಿತ್ತೇನೋ.

"ಹಳೇದನ್ನೇ ವಾಪಸ್ ಹಾಕ್ಬಿಡ್ತೀನಿ ಕಣೋ" ಅಂದೆ.

"ಬೇಡ ಬಿಡು." ಅವನು ತಲೆ ಎತ್ತಲಿಲ್ಲ. "ಅಮ್ಮಿ ದಿನಾ ಅಬ್ಬಾ ಮೇಲೆ ಬರೆದ ಹಾಡು ಕೇಳ್ತಿದ್ರು. ಅವತ್ತು ಫೋನ್ ತಂದು, ಇದ್ರಲ್ಲಿ ಬೇರೆಯವ್ರು ಯಾಕೆ ಹಾಡ್ತಿದ್ದಾರೆ ಅಂದ್ರು. ಗಂಟಲು ಸರಿ ಇರ್ಲಿಲ್ಲ, ನಾನೇ ನಿನ್ ಕೈಲಿ ಹಾಡಿಸ್ದೆ ಅಂತ ಹೇಳಿದ್ದೀನಿ. ಈಗ ಮತ್ತೆ ಬದಲಾಯಿಸಿದ್ರೆ ಏನಂತ ಹೇಳ್ಲಿ?"

ಅಷ್ಟರಲ್ಲಿ ಗಿರಾಕಿಯೊಬ್ಬರು ಕ್ಲಚ್ ಪ್ಲೇಟ್ ಕೇಳಿಕೊಂಡು ಬಂದರು. ಅವನು ಎದ್ದ. ನಾನು ಚಹಾ ಮುಗಿಸದೆ ಹೊರಬಂದೆ.

ಅವನು ಈಗ ಹಾಡುವುದಿಲ್ಲ. ಆಲ್ಬಮ್ ನನ್ನ ದನಿಯಲ್ಲೇ ಉಳಿದಿದೆ. ಕೇಳುವವರು ಯಾರೂ ಇಲ್ಲ. ಅವನು ಹಾಡಿದ್ದ ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿದೆ. ಎಷ್ಟೋ ಸಲ ಹಾಕಿದ್ದೇನೆ. ಮೊದಲ ಸಾಲಿಗೆ ಮುಂಚೆ ಅವನು ಉಸಿರು ಎಳೆದುಕೊಳ್ಳುವ ಸದ್ದು ಬರುತ್ತದೆ. ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ.