ಗಡಿಯಾಚೆಯ ಅಂಕಣ

ಮಧ್ಯಾಹ್ನ ಲಾರಿಗಳು ಹೋದ ಮೇಲೆ ಬೀದರಿನ ಗಾಂಧಿ ಗಂಜ್ ಪೇಟೆಗೆ ಒಂದು ಜೊಂಪು ಹತ್ತುತ್ತದೆ. ಹಮಾಲರು ತೊಗರಿ ಚೀಲಗಳ ಮೇಲೆಯೇ ಅಡ್ಡಾಗುತ್ತಾರೆ, ಬಿಸಿಲಕೋಲಿನಲ್ಲಿ ಹೊಟ್ಟಿನ ಧೂಳು ತೇಲುತ್ತದೆ. ಮನೆಯವರು ಊಟಕ್ಕೆ ಹೋದ ಆ ಹೊತ್ತಿನಲ್ಲಿ ಅವರ ಕಾಳಿನ ದಲ್ಲಾಳಿಯ ಅಡತಿ ಅಂಗಡಿ ಕಾಯುವವಳು ನಾನು. ಗಾದಿಯ ಮೇಲೆ ಕಾಲು ಚಾಚಿ ಮೊಬೈಲಿನಲ್ಲಿ ಕೆನಡಾದವರ ಫುಟ್‌ಬಾಲ್ ನೋಡುತ್ತೇನೆ. ಹೆಸರಿಗೆ ಫುಟ್‌ಬಾಲ್, ಚೆಂಡು ಹೆಚ್ಚಾಗಿ ಇರುವುದು ಕೈಯಲ್ಲೇ. ಒಬ್ಬ ಅದನ್ನು ಬಗಲಲ್ಲಿ ಅವುಚಿಕೊಂಡು ಓಡುತ್ತಾನೆ, ಉಳಿದವರು ಅವನನ್ನು ಕೆಡವಲು ಮೈಮೇಲೆ ಬೀಳುತ್ತಾರೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹಿಡಿಯಲು ಬಂದವರ ಕೈ ತಪ್ಪಿಸಿಕೊಳ್ಳುವುದೇ ಒಂದು ಕಾಲಕ್ಕೆ ನನ್ನ ಕೆಲಸವಾಗಿತ್ತು.

ಅಲ್ಲಿ ಆಡುವವರಲ್ಲಿ ಬಹಳ ಜನ ಅಮೆರಿಕದ ಕಾಲೇಜುಗಳಲ್ಲಿ ಆಡಿದವರಂತೆ. ಗಿಡ್ಡ, ಹಗುರ ಎಂದು ಸ್ವಂತ ದೇಶದ ದೊಡ್ಡ ತಂಡಗಳು ಕೈಬಿಟ್ಟವರು ಗಡಿ ದಾಟಿ ಉತ್ತರಕ್ಕೆ ಹೋಗುತ್ತಾರೆ. ಅಲ್ಲಿಯ ಮೈದಾನ ಇನ್ನೂ ಅಗಲ. ಹತ್ತು ಗಜ ಮುಂದೆ ಹೋಗಲು ತವರಿನಲ್ಲಿ ನಾಲ್ಕು ಅವಕಾಶ, ಅಲ್ಲಿ ಮೂರೇ. ಆ ಅಗಲದಲ್ಲಿ ಆ ಗಿಡ್ಡರು ಓಡುವುದನ್ನು ನೋಡಬೇಕು! ನೋಡುತ್ತ ನೋಡುತ್ತ ನನ್ನ ಕಣ್ಣು ಮುಚ್ಚಿಹೋಗುತ್ತದೆ, ಆ ಹಸಿರು ಮೈದಾನದ ಅಂಚಿನಲ್ಲೇ ನಮ್ಮೂರು ಸಾಯಗಾಂವದ ಕರಿ ಹೊಲ ಶುರುವಾಗುತ್ತದೆ.

ನಾನು ಭಾಲ್ಕಿಯ ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದೆ. ರೇಡ್ ಹೋಗುವುದು, ಅಂದರೆ ಎದುರಿನವರ ಅಂಕಣಕ್ಕೆ ನುಗ್ಗಿ ಅವರನ್ನು ಮುಟ್ಟಿ ಮರಳುವುದು, ನನ್ನ ಪಾಲು. ಜಿಲ್ಲಾ ತಂಡದ ಆಯ್ಕೆಗೆಂದು ಬೀದರಿಗೆ ಹೋದಾಗ ಅವ್ವನೂ ಜೊತೆಗೆ ಬಂದಿದ್ದಳು. ಆಯ್ಕೆ ಮಾಡುವ ಸರ್ ನನ್ನ ಆಟ ನೋಡುವ ಮೊದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಭಾಳ ಗಿಡ್ಡ ಅದಾಳ್ರಿ, ನಡಿಯಂಗಿಲ್ಲ” ಎಂದು ಅವ್ವನಿಗೇ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳಿಗೂ ಹಾಗೇ ಅನ್ನಿಸಿತೇನೋ ಎಂಬ ಸಂಶಯ ಸರ್ ಮಾತಿಗಿಂತ ಹೆಚ್ಚು ಕೊರೆಯಿತು. ಕೇಳುವ ಧೈರ್ಯ ಬರಲಿಲ್ಲ.

ಔರಾದ ಕಡೆಯ ಎಕಂಬಾದಲ್ಲಿ ನನ್ನ ಚಿಗವ್ವನ ಮನೆ. ಅಲ್ಲಿಂದ ಮಹಾರಾಷ್ಟ್ರದ ಗಡಿ ಹತ್ತಿರ. ಗಡಿಯಾಚೆ ಸಂಬಳ ಕೊಟ್ಟು ಆಡಿಸುವ ಒಂದು ಕ್ಲಬ್ಬಿಗೆ ಹುಡುಗಿಯರು ಬೇಕಾಗಿದ್ದಾರೆ ಎಂದು ಅವಳೇ ಹೇಳಿ ಕಳಿಸಿದಳು. ಅವ್ವ ಬೇಡವೆನ್ನಲಿಲ್ಲ, ಹೋಗೆಂದೂ ಅನ್ನಲಿಲ್ಲ. ಸುಮ್ಮನೆ ಬಟ್ಟೆಯ ಗಂಟು ಕಟ್ಟಿ, ಅದರೊಳಗೆ ನಮ್ಮ ಹೊಲದ ಮಣ್ಣಿನ ಒಂದು ಪೊಟ್ಟಣ ಇಟ್ಟಳು. ನಮ್ಮ ಕಡೆ ಅಂಗೈಗೆ ಮಣ್ಣು ತಿಕ್ಕಿಕೊಳ್ಳದೆ ಯಾರೂ ರೇಡಿಗೆ ಹೋಗುವುದಿಲ್ಲ. ಬೆವರಿದ ಕೈ ಜಾರಬಾರದಲ್ಲ.

ಆ ಕ್ಲಬ್ಬಿನಲ್ಲಿ ಆಟ ನಡೆಯುವುದು ಮ್ಯಾಟ್ ಮೇಲೆ. ಮೊದಲ ಪಂದ್ಯದಲ್ಲಿ ನಾನು ರೂಢಿಯಂತೆ ಪೊಟ್ಟಣ ಬಿಚ್ಚಿ ಅಂಗೈಗೆ ಗಸಗಸ ತಿಕ್ಕಿಕೊಂಡೆ. ಅಷ್ಟಕ್ಕೇ ಬಿಡದೆ ಹೊಸ ಬೂಟಿನ ತಳಕ್ಕೂ ಸವರಿದೆ. ಗೆರೆ ದಾಟಿದ್ದೇ ಕಾಲು ಸರ್ರನೆ ಜಾರಿ ಎದುರು ತಂಡದವರ ಮಡಿಲಿಗೇ ಹೋಗಿ ಬಿದ್ದೆ. ಹಿಡಿಯುವ ತೊಂದರೆಯನ್ನೂ ಅವರಿಗೆ ಕೊಡಲಿಲ್ಲ. ಪಂದ್ಯ ನಿಲ್ಲಿಸಿ ಮ್ಯಾಟ್ ಒರೆಸಬೇಕಾಯಿತು, ಜನ ನಕ್ಕಿದ್ದೇ ನಕ್ಕಿದ್ದು.

ನಮಗೆ ಆಟ ಕಲಿಸುತ್ತಿದ್ದ ಹಿರಿಯರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಬೀದರಿನಿಂದ ಹೋಗಿ ಅಲ್ಲಿ ನೆಲೆಸಿದವರು, ಮನೆಮಾತು ದಖ್ಖನಿ ಉರ್ದು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ.

“ಬೇಟಿ, ಮಣ್ಣ ಮನಿಗಿ ಕಳಸು. ಇಲ್ಲಿ ಜಮೀನ್ ಬ್ಯಾರೆ, ಹೆಜ್ಜಿ ಬ್ಯಾರೆ” ಎಂದರು.

“ನಾ ಗಿಡ್ಡ ಬ್ಯಾರೆ ಅದೀನ್ರಿ” ಎಂದೆ, ಅಳು ನುಂಗಿಕೊಂಡು.

“ಛಲೋ ಆತಲ್ಲ! ನಿನ್ನ ಹಿಡಿಬೇಕಂದ್ರ ಅವ್ರು ಬಗ್ಗಬೇಕು. ಅವ್ರು ಬಗ್ಗೂದ್ರಾಗ ನೀ ಪಾರ್.”

ನನಗೆ ಅಷ್ಟೇ ಸಾಕಾಯಿತು. ಆ ಆಟದಲ್ಲೂ ಕೆನಡಾದವರಂತೆ ಮೂರರ ಲೆಕ್ಕವಿತ್ತು. ತಂಡ ಎರಡು ಸಲ ಬರಿಗೈಯಲ್ಲಿ ಮರಳಿದರೆ ಮೂರನೆಯ ರೇಡಿನಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಹೋದವಳು ಔಟ್. ಆ ಮೂರನೆಯದಕ್ಕೆ ಉಸ್ತಾದ್ ನನ್ನನ್ನೇ ಕಳಿಸತೊಡಗಿದರು. ಉಸಿರು ಬಿಗಿಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತ ಹೋದರೆ ಸುತ್ತಲಿನ ಗದ್ದಲವೆಲ್ಲ ಕರಗಿ, ಕೆರೆಯ ನೀರೊಳಗೆ ನಡೆದಂತಾಗುತ್ತಿತ್ತು. ಕೈಗಳು ನಿಧಾನವಾಗಿ ನನ್ನ ಕಡೆ ಬರುತ್ತಿದ್ದವು, ನಾನು ಅವುಗಳ ಕೆಳಗಿಂದ ನುಸುಳಿ ಬಂದುಬಿಡುತ್ತಿದ್ದೆ. ಮರಾಠಿ ಪೇಪರಿನಲ್ಲಿ ನನ್ನ ಫೋಟೋ ಬಂತು. ಅವ್ವನಿಗೆ ಕಳಿಸಿದೆ. ಅವಳು ಫೋನಿನಲ್ಲಿ ಊಟದ ವಿಚಾರ ಕೇಳಿದಳೇ ಹೊರತು ಫೋಟೋದ ಸುದ್ದಿ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಚಳಿಗಾಲ ನಮ್ಮ ಕ್ಲಬ್ಬು ಬೀದರಿನ ಜಿಲ್ಲಾ ತಂಡದ ಜೊತೆ ಆಡಲು ಬಂತು. ಮ್ಯಾಟ್ ಇರಲಿಲ್ಲ, ಬೀದರಿನ ಕೆಂಪು ಮಣ್ಣೇ ಅಂಕಣ. ಅವ್ವ ಬಂದಿದ್ದಳು. ನೋಡಿದರೆ ಜಿಲ್ಲಾ ತಂಡದವರ ಕಡೆಯ ಹೆಂಗಸರ ನಡುವೆ ಕೂತಿದ್ದಾಳೆ! ಗೆಲ್ಲಲು ಇನ್ನೊಂದೇ ಅಂಕ ಬೇಕಿದ್ದಾಗ ಮೂರನೆಯ ರೇಡ್ ನನ್ನ ಪಾಲಿಗೆ ಬಂತು. ಬಗ್ಗಿ ಮಣ್ಣು ತೆಗೆದು ಅಂಗೈಗೆ ತಿಕ್ಕಿಕೊಂಡೆ. ಆಮೇಲಿನದು ತುಂಡುತುಂಡಾಗಿ, ಕನಸಿನ ಹಾಗೆ ನೆನಪಿದೆ. ಒಬ್ಬಳ ಪಾದ ನನ್ನ ಬೆರಳಿಗೆ ತಾಗಿದ್ದು, ಉಳಿದವರು ಒಟ್ಟಿಗೇ ಬಗ್ಗಿದ್ದು, ಮುಖ ನೆಲಕ್ಕೆ ಉಜ್ಜುತ್ತ ನನ್ನ ಕೈ ಗೆರೆ ಮುಟ್ಟಿದ್ದು.

ಗೆದ್ದೆವು. ಅದೇ ಸರ್ ಹಾರ ಹಿಡಿದು ಬಂದರು. “ಈಕಿ ನಮ್ಮ ಜಿಲ್ಲಾದ ಹುಡುಗಿರಿ!” ಎಂದು ಸುತ್ತಲಿದ್ದವರಿಗೆಲ್ಲ ಸಾರಿ, ಅವ್ವನ ಕಡೆ ತಿರುಗಿದರು. “ಮುಂದಿನ ವರ್ಷ ನಮ್ಮ ಕಡಿಂದ ಆಡ್ಲಿ ಬಿಡ್ರಿ.”

ಅವ್ವ ಸೆರಗಿನಿಂದ ನನ್ನ ಮುಖದ ಮಣ್ಣು ಒರೆಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ಅವರ ಕಡೆ ನೋಡಲೂ ಇಲ್ಲ.

“ಅವತ್ತ ಗಿಡ್ಡ ಇದ್ಳಲ್ರಿ ಸರ. ಈಗೇನ್ ಉದ್ದ ಆಗ್ಯಾಳೇನ್ರಿ?”